ರೀಸೆಟ್ ಮಾಡಿದಿರಿ ಸರಿ, ಫೋನ್ ಕಡೆ ನೋಡಿದಿರಾ?

ಇಯರ್‌ಬಡ್ಸ್ ರಿಪೇರಿಗೆ ತರುವವರು ಕೇಸನ್ನು ಮೇಜಿನ ಮೇಲೆ ಇಡುವ ಮೊದಲೇ ಹೇಳುವ ಮಾತು ಒಂದಿದೆ. ‘ರೀಸೆಟ್ ಎಲ್ಲಾ ಮಾಡಿ ಆಯ್ತು, ಸರಿ ಹೋಗ್ಲಿಲ್ಲ.’ ಆಗ ನಾನು ಬಡ್ಸ್ ಮುಟ್ಟುವುದಿಲ್ಲ, ಅವರ ಫೋನ್ ಕೇಳುತ್ತೇನೆ. ಬ್ಲೂಟೂತ್ ಪಟ್ಟಿ ತೆಗೆದರೆ ಆ ಬಡ್ಸ್‌ನ ಹೆಸರು ಅಲ್ಲೇ ಕೂತಿರುತ್ತದೆ. ಮೊದಲ ದಿನ ಜೋಡಿಸಿದಾಗ ಬಂದದ್ದು, ಇವತ್ತಿನವರೆಗೂ ಯಾರೂ ಅಳಿಸಿಲ್ಲ.

ಇದೊಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಎಲ್ಲ ಎಡವುವುದು ಇಲ್ಲೇ.

ಬಡ್ಸ್ ಮತ್ತು ಫೋನ್ ಮೊದಲ ಸಲ ಪೇರ್ ಆದಾಗ ಎರಡೂ ಸೇರಿ ಒಂದು ಗುಟ್ಟಿನ ಸಂಖ್ಯೆ ಮಾಡಿಕೊಳ್ಳುತ್ತವೆ. 128 ಬಿಟ್ ಉದ್ದದ ಸಂಖ್ಯೆ ಅದು. ಒಂದು ಪ್ರತಿ ಫೋನಿನಲ್ಲಿ ಉಳಿಯುತ್ತದೆ, ಇನ್ನೊಂದು ಬಡ್ಸ್‌ನಲ್ಲಿ. ಮಾರನೇ ದಿನ ಕೇಸಿನ ಮುಚ್ಚಳ ತೆಗೆದ ಕೂಡಲೇ ಏನೂ ಕೇಳದೆ ಕನೆಕ್ಟ್ ಆಗುತ್ತದಲ್ವಾ, ಅದು ಎರಡು ಕಡೆಯೂ ಅದೇ ಸಂಖ್ಯೆ ಇರುವುದರಿಂದ. ನೀವು ರೀಸೆಟ್ ಮಾಡಿದಾಗ ಬಡ್ಸ್ ತನ್ನ ಪ್ರತಿಯನ್ನು ಅಳಿಸಿಬಿಡುತ್ತದೆ. ಫೋನಿಗೆ ಇದು ಗೊತ್ತೇ ಇಲ್ಲ. ಅದು ಹಳೆಯ ಸಂಖ್ಯೆ ಹಿಡಿದುಕೊಂಡೇ ಮಾತಾಡಿಸಲು ಹೋಗುತ್ತದೆ. ಬೀಗ ಬದಲಾಯಿಸಿದ ಮನೆಗೆ ಹಳೇ ಬೀಗದ ಕೈ ತಂದ ಹಾಗೆ. ‘ಕನೆಕ್ಟ್ ಆಗುತ್ತಿದೆ’ ಅಂತ ತೋರಿಸಿ, ಎರಡು ಕ್ಷಣ ಬಿಟ್ಟು ಕೈಚೆಲ್ಲುತ್ತದೆ. ನೀವು ಮತ್ತೆ ರೀಸೆಟ್ ಮಾಡುತ್ತೀರಿ. ಮತ್ತೆ ಅದೇ ಕತೆ. ಕೆಲವು ಫೋನ್‌ಗಳು ತಾವೇ ಸುಧಾರಿಸಿಕೊಂಡು ಹೊಸದಾಗಿ ಪೇರ್ ಮಾಡಲು ಕೇಳುತ್ತವೆ, ನಿಜ. ಆದರೆ ಅದನ್ನು ನಂಬಿ ಕೂರಬೇಡಿ.

ಹಾಗಾಗಿ ಮೊದಲು ಫೋನಿನಲ್ಲಿ ‘ಫರ್ಗೆಟ್’ ಅಥವಾ ‘ಅನ್‌ಪೇರ್’ ಒತ್ತಿ. ಬ್ಲೂಟೂತ್ ಆಫ್ ಮಾಡಿ ಆನ್ ಮಾಡುವುದು ಇದಕ್ಕೆ ಸಮ ಅಲ್ಲ. ಪಟ್ಟಿಯಿಂದ ಆ ಹೆಸರೇ ಹೋಗಬೇಕು. ಲ್ಯಾಪ್‌ಟಾಪ್, ಟ್ಯಾಬ್, ಮನೆಯ ಟಿವಿ, ಇವಕ್ಕೂ ಹಿಂದೆ ಜೋಡಿಸಿದ್ದರೆ ಅಲ್ಲೂ ಅಳಿಸಿ. ಪಕ್ಕದ ಕೋಣೆಯ ಲ್ಯಾಪ್‌ಟಾಪ್ ಸದ್ದಿಲ್ಲದೆ ಬಡ್ಸನ್ನು ಎಳೆದುಕೊಂಡಿರುವುದು ನಾನು ನೋಡುವ ‘ಕೆಟ್ಟುಹೋದ’ ಬಡ್ಸ್‌ಗಳಲ್ಲಿ ಬಹಳ ಸಾಮಾನ್ಯ. ಇದೆಲ್ಲ ಆದ ಮೇಲೆ ಬಡ್ಸ್ ಕಡೆ ರೀಸೆಟ್. ಎರಡೂ ಬಡ್ ಕೇಸಿನಲ್ಲಿ ಸರಿಯಾಗಿ ಕೂತಿರಬೇಕು. ಒಂದು ಕಿವಿಯಲ್ಲಿ, ಒಂದು ಕೇಸಿನಲ್ಲಿ ಇಟ್ಟು ಮಾಡಬೇಡಿ. ಎಡ ಬಲ ಎರಡೂ ತಮ್ಮ ತಮ್ಮಲ್ಲೇ ಜೋಡಿ ಆಗಬೇಕಾದವು. ಒಂದನ್ನು ಬಿಟ್ಟು ಮಾಡಿದರೆ ಆ ಜೋಡಿ ಮುರಿದು ಒಂದೇ ಕಡೆ ಸದ್ದು ಬರಬಹುದು.

ಇನ್ನೊಂದು ವಿಷಯ. ತುಂಬಾ ಜನ ರೀಸೆಟ್ ಅಂದುಕೊಂಡು ಮಾಡಿರುವುದು ರೀಸೆಟ್ಟೇ ಅಲ್ಲ. ಎಷ್ಟೋ ಮಾದರಿಗಳಲ್ಲಿ ಬಟನ್ ಒಂದೇ. ಸ್ವಲ್ಪ ಹೊತ್ತು ಒತ್ತಿದರೆ ಪೇರಿಂಗ್, ಜಾಸ್ತಿ ಹೊತ್ತು ಒತ್ತಿದರೆ ರೀಸೆಟ್. ಆಪಲ್‌ನ ಏರ್‌ಪಾಡ್ಸ್‌ನಲ್ಲಿ, ಕೇಸಿನ ಹಿಂದೆ ಬಟನ್ ಇರುವ ಮಾದರಿಗಳಿಗೆ, ಸುಮಾರು 15 ಸೆಕೆಂಡು ಹಿಡಿಯಬೇಕು. ದೀಪ ಕಿತ್ತಳೆಗೆ ತಿರುಗಿ, ಆಮೇಲೆ ಬಿಳಿ ಮಿನುಗಬೇಕು. ಜನ ಮೊದಲ ಬಿಳಿ ಮಿನುಗು ಕಂಡ ಕೂಡಲೇ ಬೆರಳು ತೆಗೆಯುತ್ತಾರೆ. ಅದು ಪೇರಿಂಗ್ ಅಷ್ಟೇ. ನಿಮ್ಮ ಕಂಪನಿಯದು ಬೇರೆ ಥರ ಇರಬಹುದು, ಜೊತೆಗೆ ಬಂದ ಚೀಟಿಯನ್ನು ದಯವಿಟ್ಟು ಓದಿ. ಅದನ್ನು ಎಸೆಯಬೇಡಿ ಅಂತ ಎಷ್ಟು ಜನಕ್ಕೆ ಹೇಳಿದ್ದೇನೋ.

ಫೋನಿನಲ್ಲಿ ಇರುವುದನ್ನು ರೀಸೆಟ್ ಮುಟ್ಟುವುದಿಲ್ಲ ಎಂಬುದು ಜೋಡಣೆಗೆ ಮಾತ್ರ ಅಲ್ಲ, ಸೆಟ್ಟಿಂಗ್‌ಗಳಿಗೂ ಸಲ್ಲುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಬಲಗಡೆ ಸದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೂರು ವಾರದಿಂದ ರೀಸೆಟ್ ಮಾಡುತ್ತಿದ್ದರು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು ಒತ್ತಿದೆ ಅಂತ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅಷ್ಟು ಶಿಸ್ತಿನ ಗಿರಾಕಿಯನ್ನು ನಾನು ಕಂಡಿಲ್ಲ. ಬಡ್ಸನ್ನು ನನ್ನ ಫೋನಿಗೆ ಜೋಡಿಸಿದೆ, ಎರಡೂ ಕಡೆ ಒಂದೇ ಸಮ ಕೇಳಿಸಿತು. ಅವರ ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ ಬಲ ಬ್ಯಾಲೆನ್ಸ್ ಅಂತ ಒಂದು ಗೆರೆ ಇದೆ. ಅದರ ಗುಂಡಿ ಪೂರ್ತಿ ಎಡಕ್ಕೆ ಸರಿದಿತ್ತು, ಯಾವಾಗಲೋ ಬೆರಳು ತಾಗಿ. ನಡುವೆ ತಂದಿಟ್ಟೆ. ಅವರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು, ‘ನನ್ನ ಬಲಗಿವಿಯೇ ಹೋಯಿತು ಅಂದ್ಕೊಂಡಿದ್ದೆ ಕಣಪ್ಪಾ.’ ಆ ಮೂರು ವಾರ ಅವರು ಒಬ್ಬರೇ ಏನೇನು ಯೋಚಿಸಿರಬಹುದು ಅಂತ ನನಗೆ ಈಗಲೂ ಬೇಜಾರಾಗುತ್ತದೆ.

ಇದೇ ಜಾತಿಯದು ಇನ್ನೊಂದು. ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ, ಹಾಡು ಮಾತ್ರ ಫೋನಿನಿಂದಲೇ ಬರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಬಡ್ಸ್ ಹೆಸರಿನ ಪಕ್ಕದ ಸೆಟ್ಟಿಂಗ್ ತೆಗೆದರೆ ಕರೆಗೆ ಒಂದು, ಹಾಡು ವಿಡಿಯೋಗೆ ಒಂದು ಸ್ವಿಚ್ ಇರುತ್ತದೆ. ಎರಡನೆಯದು ಆಫ್ ಆಗಿರುತ್ತದೆ.

ರೀಸೆಟ್‌ನಿಂದ ಹೋಗದ ಇನ್ನೊಂದು ಕಾಯಿಲೆ ಗುಗ್ಗೆ. ಒಂದು ಬಡ್‌ನ ಸದ್ದು ದಿನೇ ದಿನೇ ಕುಗ್ಗುತ್ತಾ ಬಂದಿದ್ದರೆ ಮೊದಲು ಅದರ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ರಬ್ಬರ್ ಟಿಪ್ ತೆಗೆದು, ಜಾಲರಿ ಕೆಳಮುಖ ಮಾಡಿಕೊಂಡು, ಒಣಗಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಕೆಳಮುಖ ಏಕೆಂದರೆ ಉದುರಿದ್ದು ಒಳಗೆ ಹೋಗಬಾರದು. ಪಿನ್ ಹಾಕಬೇಡಿ, ಬಾಯಿಂದ ಊದಬೇಡಿ. ಪಿನ್ ಜಾಲರಿ ಹರಿಯುತ್ತದೆ, ಉಸಿರಿನ ತೇವ ಒಳಗೆ ಸೇರುತ್ತದೆ. ಬಡ್ ಚಾರ್ಜ್ ಆಗದಿದ್ದರೂ ಹೀಗೆಯೇ, ಕೇಸಿನ ತಳದಲ್ಲಿರುವ ಸಣ್ಣ ಲೋಹದ ಚುಕ್ಕೆಗಳನ್ನೂ ಬಡ್‌ನ ಮೇಲಿರುವುದನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಅಲ್ಲಿ ಬೆವರಿನ ಪದರ ಕೂತಿದ್ದರೆ ಬಡ್‌ಗೆ ತಾನು ಕೇಸಿನೊಳಗೆ ಇದ್ದೇನೆ ಎಂಬುದೇ ತಿಳಿಯುವುದಿಲ್ಲ. ಆಗ ರೀಸೆಟ್ ಕೂಡ ಆ ಬಡ್‌ಗೆ ತಲುಪದೇ ಹೋಗಬಹುದು.

ಫೋನ್ ಹಿಂದಿನ ಜೇಬಿನಲ್ಲಿದ್ದಾಗ ಸದ್ದು ಕಡಿದು ಕಡಿದು ಬಂದರೆ ಗಾಬರಿ ಬೇಡ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ, ನಮ್ಮ ಮೈಯಲ್ಲಿರುವ ನೀರು ಅದನ್ನು ಹೀರಿಕೊಳ್ಳುತ್ತದೆ. ಫೋನನ್ನು ಎದೆಯ ಜೇಬಿಗೆ ಹಾಕಿ ನೋಡಿ.

ಇಷ್ಟೂ ಮಾಡಿ ಸರಿ ಹೋಗದಿದ್ದರೆ ಮನೆಯಲ್ಲಿ ಇನ್ನೊಬ್ಬರ ಫೋನಿಗೆ ಜೋಡಿಸಿ ನೋಡಿ. ಅಲ್ಲೂ ಅದೇ ತೊಂದರೆ ಇದ್ದರೆ ಬಡ್ಸ್‌ನದೇ ದೋಷ ಇರಬಹುದು. ವರ್ಷಗಟ್ಟಲೆ ದಿನಾ ಬಳಸಿದ್ದರೆ ಒಳಗಿನ ಪುಟ್ಟ ಲಿಥಿಯಂ ಬ್ಯಾಟರಿ ಸವೆದಿರಲೂಬಹುದು, ಅದಕ್ಕೆ ಯಾವ ರೀಸೆಟ್ಟೂ ಇಲ್ಲ. ಕೇಸ್ ಅಥವಾ ಬಡ್ ಉಬ್ಬಿದ ಹಾಗೆ ಕಂಡರೆ, ವಿಪರೀತ ಬಿಸಿಯಾದರೆ, ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಬಿಚ್ಚಲು ಹೋಗಬೇಡಿ. ರಿಪೇರಿಗೆ ಹೋಗುವಾಗ ಎರಡೂ ಬಡ್, ಕೇಸ್, ಜೊತೆಗೆ ನಿಮ್ಮ ಫೋನ್, ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ. ತೊಂದರೆ ಕೊಡುವ ಬಡ್ ಒಂದನ್ನೇ ಕಾಗದದಲ್ಲಿ ಸುತ್ತಿ ತಂದರೆ ನಮಗೆ ಏನೂ ಪರೀಕ್ಷಿಸಲು ಆಗುವುದಿಲ್ಲ.