ಸಿನಿಮಾದ ಕಪ್ಪು ಪರದೆಯಲ್ಲಿ ಏನು ಬರೆದಿದೆ?

2003ರಲ್ಲಿ ಬಂದ 'ದಿ ಮ್ಯಾಟ್ರಿಕ್ಸ್ ರೀಲೋಡೆಡ್' ಸಿನಿಮಾದಲ್ಲಿ ಟ್ರಿನಿಟಿ ಅನ್ನುವ ಹ್ಯಾಕರ್ ಒಂದು ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿಗೆ ನುಗ್ಗಿ ಕಂಪ್ಯೂಟರಿನ ಕೀಲಿಗಳನ್ನು ಒತ್ತುತ್ತಾಳೆ. ಪರದೆ ತುಂಬ ಸಣ್ಣ ಅಕ್ಷರಗಳು. ಕೆಲವೇ ಸೆಕೆಂಡು, ಅಷ್ಟೇ. ಥಿಯೇಟರಿನಲ್ಲಿ ಕೂತವರಿಗೆ ಓದುವಷ್ಟು ಸಮಯವೇ ಸಿಗುವುದಿಲ್ಲ. ನಮ್ಮ ಆಫೀಸಿಗೆ ಸಿಸ್ಟಂ ಅಡ್ಮಿನ್ ಕೆಲಸಕ್ಕೆ ಹೊಸಬರು ಬಂದಾಗ ಮೊದಲ ವಾರದಲ್ಲೇ ನಾನು ಈ ದೃಶ್ಯ ಹಾಕುತ್ತೇನೆ. ಅಕ್ಷರಗಳು ಕಂಡ ತಕ್ಷಣ ನಿಲ್ಲಿಸಿ, ಒಂದೊಂದೇ ಸಾಲು ಓದಿಸುತ್ತೇನೆ.

ಮೊದಲ ಕಮಾಂಡ್ ಎನ್‌ಮ್ಯಾಪ್. ಇದು ಸಿನಿಮಾಕ್ಕೆ ಅಂತ ಹುಟ್ಟಿಸಿದ ಹೆಸರಲ್ಲ. ಗಾರ್ಡನ್ ಲಯನ್ 1997ರಲ್ಲಿ ಬಿಡುಗಡೆ ಮಾಡಿದ, ಮೂಲ ಕೋಡ್ ಎಲ್ಲರಿಗೂ ಸಿಗುವ ನಿಜವಾದ ಪ್ರೋಗ್ರಾಂ. ಇನ್ನೊಂದು ಕಂಪ್ಯೂಟರಿನ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಅಂತ ತಟ್ಟಿ ನೋಡುವುದು ಅದರ ಕೆಲಸ. ಪರದೆಯಲ್ಲಿ ಅದರ ಆವೃತ್ತಿಯೂ ಕಾಣುತ್ತದೆ: 2.54 ಬೀಟಾ 25. ಟ್ರಿನಿಟಿ ತಟ್ಟುವ ವಿಳಾಸ 10.2.2.2. ಸಂಸ್ಥೆಗಳ ಒಳಗಿನ ನೆಟ್‌ವರ್ಕಿಗೆ ಅಂತಲೇ ಮೀಸಲಿಟ್ಟ ವಿಳಾಸಗಳಲ್ಲಿ ಅದೂ ಒಂದು. ಉತ್ತರವಾಗಿ 22ನೇ ಪೋರ್ಟ್ ತೆರೆದಿದೆ, ಅಲ್ಲಿ ಎಸ್‌ಎಸ್‌ಎಚ್ ಇದೆ ಅಂತ ಬರುತ್ತದೆ. ನಾವು ದಿನಾ ಸರ್ವರ್‌ಗಳಿಗೆ ಒಳಹೋಗುವುದು ಇದೇ ಬಾಗಿಲಿಂದ. ಆಮೇಲೆ ಆಕೆ ಬಳಸುವ 'ಎಸ್‌ಎಸ್‌ಎಚ್ ನ್ಯೂಕ್' ಅನ್ನುವ ಹೆಸರು ಮಾತ್ರ ಕಲ್ಪನೆಯದು. ಆದರೆ ಅದು ಹಿಡಿಯುವ ದೋಷ ಕಲ್ಪನೆಯಲ್ಲ. ಎಸ್‌ಎಸ್‌ಎಚ್‌ನ ಹಳೆಯ ಒಂದನೇ ಆವೃತ್ತಿಯಲ್ಲಿ ಆ ತೂತು ಇದ್ದದ್ದು 2001ರಲ್ಲಿ ಹೊರಬಂದಿತ್ತು. ಸರಿಪಡಿಸದೆ ಬಿಟ್ಟ ಸರ್ವರ್‌ಗೆ ಏನಾಗಬಹುದೋ ಅದೇ ಇಲ್ಲಿ ಆಗುತ್ತದೆ. ರೂಟ್, ಅಂದರೆ ಯಂತ್ರದ ಯಜಮಾನನ ಪಾಸ್‌ವರ್ಡ್ ಬದಲಾಗುತ್ತದೆ.

ಇಲ್ಲಿ ನಾನು ಹುಡುಗರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಆ ವಿದ್ಯುತ್ ಕೇಂದ್ರದ ಕಂಪ್ಯೂಟರ್ ಯಾವ ಆಪರೇಟಿಂಗ್ ಸಿಸ್ಟಂ? ಹೆಚ್ಚಿನವರು 'ಲಿನಕ್ಸ್' ಅಂದುಬಿಡುತ್ತಾರೆ. ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ, ಆದರೆ ಮೂಲ ಕೋಡ್ ಎಲ್ಲರಿಗೂ ಸಿಗುವ ಸಿಸ್ಟಂ ಅದು. ಕಪ್ಪು ಪರದೆ, ಕಮಾಂಡು, ಇನ್ನೇನು ಬೇಕು ಅಂತ. ಆದರೆ ಪರದೆಯಲ್ಲೇ ಉತ್ತರ ಇದೆ. ಟ್ರಿನಿಟಿ ಕಮಾಂಡಿನಲ್ಲಿ 'ಎದುರಿನ ಸಿಸ್ಟಂ ಯಾವುದು, ಊಹಿಸು' ಅನ್ನುವ ಆಯ್ಕೆಯನ್ನೂ ಕೊಟ್ಟಿದ್ದಾಳೆ. 'ಸರಿಯಾಗಿ ಹೊಂದುವುದು ಸಿಗಲಿಲ್ಲ' ಅಂತ ಎನ್‌ಮ್ಯಾಪ್ ಹೇಳಿದೆ. ಎನ್‌ಮ್ಯಾಪ್‌ಗೇ ಗೊತ್ತಾಗದ್ದನ್ನು ನಾವು ಹೇಳೋಕೆ ಆಗಲ್ಲ.

ಸಿನಿಮಾದಲ್ಲಿ ಲಿನಕ್ಸ್ ಹುಡುಕುವ ಚಟ ಇರುವವರು ಬಹಳ ಜನ ಇದ್ದಾರೆ, ನಾನೂ ಒಬ್ಬ. ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಚಿತ್ರವೋ ಉಬುಂಟು ಅನ್ನುವ ಲಿನಕ್ಸ್‌ನ ಕಿತ್ತಳೆ ಬಣ್ಣವೋ ಕಂಡರೆ ಖುಷಿಯಾಗುತ್ತದೆ, ನಿಜ. ಆದರೆ ಇಷ್ಟು ವರ್ಷ ನೋಡಿ ನೋಡಿ ನನಗೆ ಅನ್ನಿಸಿದ್ದು, ಲೋಗೋ ಗುರುತಿಸುವುದು ಚಿಕ್ಕ ಕೆಲಸ. ಪರದೆಯಲ್ಲಿ ಒಬ್ಬರು ಏನೋ ಕೇಳಿದ್ದಾರೆ, ಯಂತ್ರ ಏನೋ ಉತ್ತರ ಕೊಟ್ಟಿದೆ. ಆ ಎರಡೂ ಒಂದಕ್ಕೊಂದು ತಾಳೆ ಆಗುತ್ತವಾ? ತಾಳೆ ಆದರೆ ಅಲ್ಲಿ ನಿಜವಾದ ಸಿಸ್ಟಂ ಓಡಿದೆ, ಇಲ್ಲವೇ ಅದನ್ನು ಚೆನ್ನಾಗಿ ಬಲ್ಲವರು ಕೂತು ಬರೆದಿದ್ದಾರೆ. ನಮ್ಮ ಕೆಲಸದಲ್ಲಿ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಲಾಗ್ ಓದುವುದೂ ಹೀಗೆಯೇ. ಏನು ಕೇಳಿದೆವು, ಏನು ಬಂತು.

ತಪ್ಪಾಗಿ ಲಿನಕ್ಸ್ ಲೆಕ್ಕಕ್ಕೆ ಸೇರುವ ದೃಶ್ಯಗಳಲ್ಲಿ ಎಲ್ಲರಿಗೂ ಗೊತ್ತಿರುವುದು 1993ರ 'ಜುರಾಸಿಕ್ ಪಾರ್ಕ್'ನದು. ಡೈನೋಸಾರ್ ಬಾಗಿಲಾಚೆ ಇದೆ, ಪುಟ್ಟ ಹುಡುಗಿ ಲೆಕ್ಸ್ ಕಂಪ್ಯೂಟರ್ ನೋಡಿ 'ಇದು ಯುನಿಕ್ಸ್, ನನಗೆ ಗೊತ್ತು' ಅನ್ನುತ್ತಾಳೆ. ಪರದೆಯಲ್ಲಿ ಮೂರು ಆಯಾಮದ ಪೆಟ್ಟಿಗೆಗಳ ಮೇಲೆ ಹಾರಿಹೋದಂತೆ ಫೈಲುಗಳು ಕಾಣುತ್ತವೆ. ಸಿನಿಮಾದವರು ಸುಮ್ನೆ ಕಟ್ಟಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಎಫ್‌ಎಸ್‌ಎನ್ ಅನ್ನುವ ನಿಜವಾದ ಪ್ರೋಗ್ರಾಂ, ಓಡಿದ್ದು ಅವರದೇ ಆಪರೇಟಿಂಗ್ ಸಿಸ್ಟಂ ಐರಿಕ್ಸ್ ಮೇಲೆ. ಐರಿಕ್ಸ್, ಲಿನಕ್ಸ್‌ಗಿಂತ ಹಳೆಯ ಸಿಸ್ಟಂ ಆದ ಯುನಿಕ್ಸ್ ವಂಶದ್ದು, ಆದರೆ ಅದರ ಮೂಲ ಕೋಡ್ ಕಂಪನಿಯ ಕೈಯಲ್ಲೇ ಇತ್ತು. ಹುಡುಗಿಯ ಮಾತು ಸರಿ. ಅದನ್ನು ಲಿನಕ್ಸ್ ಅನ್ನುವವರದು ತಪ್ಪು. ಆಗ ಲಿನಕ್ಸ್‌ಗೆ ಎರಡು ವರ್ಷ ವಯಸ್ಸು, 1.0 ಆವೃತ್ತಿ ಬಂದದ್ದೇ ಮರುವರ್ಷ ಮಾರ್ಚ್‌ನಲ್ಲಿ. ಆಮೇಲೆ ಅದೇ ಥರದ ಫೈಲ್ ನೋಡುವ ಪ್ರೋಗ್ರಾಂ ಎಫ್‌ಎಸ್‌ವಿ ಹೆಸರಿನಲ್ಲಿ ಮುಕ್ತ ತಂತ್ರಾಂಶವಾಗಿ ಬಂತು. ಸಿನಿಮಾದಲ್ಲಿ ಕಂಡದ್ದನ್ನು ತಮ್ಮ ಲಿನಕ್ಸ್‌ನಲ್ಲಿ ಓಡಿಸುವ ಆಸೆ ಇದ್ದವರಿಗೆ ಅದು ಸಾಕಾಯಿತು.

ಹಾಗಾದರೆ ಎಲ್ಲಿ ನೋಡಬೇಕು? ನಾನು ಮೊದಲು ನೋಡುವುದು ಪ್ರಾಂಪ್ಟ್. ಕಮಾಂಡ್ ಶುರುವಾಗುವ ಮುಂಚೆ ಎಡಗಡೆ ಇರುತ್ತದಲ್ಲ, ಆ ಪುಟ್ಟ ಗುರುತು. ಡಾಲರ್ ಚಿಹ್ನೆ ಇದ್ದರೆ ಸಾಮಾನ್ಯ ಬಳಕೆದಾರ. ಹ್ಯಾಶ್ ಇದ್ದರೆ ರೂಟ್, ಅಂದರೆ ಯಜಮಾನ. ಸಿ ಅಕ್ಷರ, ಪಕ್ಕದಲ್ಲಿ ಎರಡು ಚುಕ್ಕಿ, ಹಿಂದಕ್ಕೆ ವಾಲಿದ ಗೆರೆ ಇದ್ದರೆ ಅದು ವಿಂಡೋಸ್ ಕಡೆಯದು. ಕಥೆಯಲ್ಲಿ ಹ್ಯಾಕರ್ ಈಗ ತಾನೆ ಪೂರ್ತಿ ಹಿಡಿತ ಸಾಧಿಸಿದ ಅಂತ ತೋರಿಸುತ್ತಾರೆ ಅಂದುಕೊಳ್ಳಿ. ಆ ಕ್ಷಣಕ್ಕೆ ಡಾಲರ್ ಹೋಗಿ ಹ್ಯಾಶ್ ಬಂದಿದ್ದರೆ, ಆ ಪರದೆ ಮಾಡಿದವರಿಗೆ ನನ್ನ ನಮಸ್ಕಾರ. ನೂರರಲ್ಲಿ ಒಬ್ಬ ಪ್ರೇಕ್ಷಕನೂ ಗಮನಿಸದ ಒಂದೇ ಒಂದು ಅಕ್ಷರ ಅದು.

ಎರಡನೆಯದು ಕಿಟಕಿಯ ಅಂಚು, ಕೆಳಗಿನ ಪಟ್ಟಿ, ಗುಂಡಿಗಳ ಆಕಾರ. ಇದಕ್ಕೆ 2010ರ 'ದಿ ಸೋಶಿಯಲ್ ನೆಟ್‌ವರ್ಕ್' ಒಳ್ಳೆಯ ಪಾಠ. ಹಾರ್ವರ್ಡ್ ಹಾಸ್ಟೆಲಿನಲ್ಲಿ ಮಾರ್ಕ್ ಜುಕರ್‌ಬರ್ಗ್ ಒಂದು ರಾತ್ರಿಯಲ್ಲಿ, ವಿದ್ಯಾರ್ಥಿನಿಯರ ಫೋಟೋ ಹೋಲಿಸುವ ಫೇಸ್‌ಮ್ಯಾಶ್ ಅನ್ನುವ ಜಾಲತಾಣ ಕಟ್ಟುವ ದೃಶ್ಯ. ಕಥೆ ನಡೆಯುವುದು 2003ರಲ್ಲಿ. ಲ್ಯಾಪ್‌ಟಾಪಿನಲ್ಲಿ ಕಾಣುವುದು ಲಿನಕ್ಸ್‌ಗೆ ಕಿಟಕಿ, ಪಟ್ಟಿ, ಗುಂಡಿಗಳ ರೂಪ ಕೊಡುವ ಕೆಡಿಇ ಅನ್ನುವ ಡೆಸ್ಕ್‌ಟಾಪ್, ಅದೂ ಹಳೆಯ 3ನೇ ಆವೃತ್ತಿ. ಸಿನಿಮಾ ತೆರೆಗೆ ಬರುವ ಹೊತ್ತಿಗೆ ಕೆಡಿಇ 4 ಬಂದು ಎರಡು ವರ್ಷ ದಾಟಿತ್ತು. ಆ ತಂಡ ಹೊಸದನ್ನು ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೂ ಕಾಲಕ್ಕೆ ಹೊಂದುವುದನ್ನೇ ಹುಡುಕಿ ಹಾಕಿದ್ದಾರೆ. ಐತಿಹಾಸಿಕ ಸಿನಿಮಾದಲ್ಲಿ ಸೀರೆಯ ಅಂಚು ಆ ಕಾಲದ್ದೇ ಇರಬೇಕು ಅಂತ ಹಟ ಹಿಡಿಯುತ್ತಾರಲ್ಲ, ಇದೂ ಅದೇ ಶ್ರದ್ಧೆ.

ಆ ದೃಶ್ಯದ ಮಾತುಗಳನ್ನೂ ಕಿವಿಗೊಟ್ಟು ಕೇಳಿ. ಒಂದು ಹಾಸ್ಟೆಲಿನವರು ಅಪಾಚೆ ಅನ್ನುವ ವೆಬ್ ಸರ್ವರ್‌ನಲ್ಲಿ ಫೈಲುಗಳ ಪಟ್ಟಿಯನ್ನು ತೆರೆದೇ ಇಟ್ಟಿದ್ದಾರೆ, ಹಾಗಾಗಿ ಡಬ್ಲ್ಯುಗೆಟ್ ಒಂದಿದ್ದರೆ ಎಲ್ಲ ಫೋಟೋ ಇಳಿಸಿಕೊಳ್ಳಬಹುದು ಅನ್ನುತ್ತಾನೆ. ಇನ್ನೊಂದು ಕಡೆ ಈಮ್ಯಾಕ್ಸ್ ಅನ್ನುವ ಎಡಿಟರ್ ತೆಗೆದು ಪರ್ಲ್ ಭಾಷೆಯ ಸ್ಕ್ರಿಪ್ಟ್ ತಿದ್ದಬೇಕು ಅನ್ನುತ್ತಾನೆ. ಅಪಾಚೆ, ಡಬ್ಲ್ಯುಗೆಟ್, ಈಮ್ಯಾಕ್ಸ್, ಪರ್ಲ್. ನಾಲ್ಕೂ ಮುಕ್ತ ತಂತ್ರಾಂಶ. ನಾಲ್ಕನ್ನೂ ಸರಿಯಾದ ಕೆಲಸಕ್ಕೇ ಹೆಸರಿಸಿದ್ದಾನೆ. ಅಪಾಚೆಯಲ್ಲಿ ಆ ಪಟ್ಟಿ ತೆರೆದಿಡುವ ತಪ್ಪು ಇವತ್ತಿಗೂ ನಡೆಯುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಸಂಬಳದ ಚೀಟಿಗಳ ಫೋಲ್ಡರೇ ಹಾಗೆ ಹೊರಗೆ ಕಾಣುತ್ತಿತ್ತು. ಎರಡೇ ನಿಮಿಷದಲ್ಲಿ ಮುಚ್ಚಿದೆವು, ಆದರೆ ಎಷ್ಟು ದಿನದಿಂದ ತೆರೆದಿತ್ತೋ ಅನ್ನುವ ಚಿಂತೆ ವಾರಗಟ್ಟಲೆ ಕಾಡಿತು. ಅದಕ್ಕೇ ಆ ಸಾಲು ಬಂದಾಗಲೆಲ್ಲ ನನಗೆ ಮೈ ಬಿಸಿಯಾಗುತ್ತದೆ.

2015ರಲ್ಲಿ ಶುರುವಾದ 'ಮಿಸ್ಟರ್ ರೋಬಾಟ್' ಟಿವಿ ಸರಣಿಯ ಬಗ್ಗೆ ಹೇಳದಿದ್ದರೆ ಈ ವಿಷಯ ಪೂರ್ತಿಯಾಗುವುದಿಲ್ಲ. ಅದರ ನಾಯಕ, ಹ್ಯಾಕರ್ ಎಲಿಯಟ್ ಬಳಸುವ, ಹ್ಯಾಕಿಂಗ್ ಸಲಕರಣೆಗಳ ಸಮೇತ ಬರುವ ಕಾಲಿ ಲಿನಕ್ಸ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಇಷ್ಟವಾದದ್ದು ಮೊದಲ ಕಂತಿನ ಒಂದು ಸಣ್ಣ ಮಾತು. ದೊಡ್ಡ ಕಂಪನಿಯ ಅಧಿಕಾರಿ ಟೈರೆಲ್, ಸೂಟು ಹಾಕಿಕೊಂಡು ಬಂದವನು, ಎಲಿಯಟ್‌ನ ಪರದೆ ನೋಡಿ 'ನೀವು ಗ್ನೋಮ್ ಬಳಸ್ತೀರಾ, ನಾನು ಕೆಡಿಇ' ಅನ್ನುತ್ತಾನೆ. ಎರಡೂ ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳೇ. ಕೆಡಿಇ 1996ರಲ್ಲಿ ಹುಟ್ಟಿತು. ಅದು ಬಳಸುತ್ತಿದ್ದ ಕ್ಯೂಟಿ ಅನ್ನುವ ಭಾಗದ ಲೈಸೆನ್ಸ್ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದಕ್ಕೆ ಒಪ್ಪದವರು ಮರುವರ್ಷ ಗ್ನೋಮ್ ಶುರು ಮಾಡಿದರು. ಅವತ್ತಿನಿಂದ ನಮ್ಮಂಥವರ ನಡುವೆ ಈ ಚರ್ಚೆ ನಿಂತೇ ಇಲ್ಲ. ಸೂಟು ಹಾಕಿದ ಅಧಿಕಾರಿ ಆ ಒಂದು ಮಾತಿನಿಂದ 'ನಾನೂ ನಿಮ್ಮವನೇ' ಅಂತ ಸೂಚಿಸುತ್ತಾನೆ. ಪಾತ್ರದ ಬಗ್ಗೆ ಹತ್ತು ಸಾಲು ಹೇಳಬೇಕಾದದ್ದು ಒಂದರಲ್ಲೇ ಮುಗಿಯಿತು.

ಇನ್ನು ತಾಳೆ ಆಗದ ದೃಶ್ಯಗಳು. ಪರದೆ ತುಂಬ ಕೋಡ್ ಮಳೆಯಂತೆ ಸುರಿಯುತ್ತಿರುತ್ತದೆ, ಪಾತ್ರ 'ವೈರಸ್ ಸಿಕ್ತು' ಅನ್ನುತ್ತದೆ. ನಿಲ್ಲಿಸಿ ಓದಿದರೆ ಅದು ಬೇರೆ ಏನೋ. 2013ರ 'ಎಲಿಸಿಯಂ'ನಲ್ಲಿ ಬಾಹ್ಯಾಕಾಶ ನಿಲ್ದಾಣವನ್ನೇ ಮರುಚಾಲೂ ಮಾಡುವ ಕೋಡ್ ಇಂಟೆಲ್ ಕಂಪನಿಯ ಕೈಪಿಡಿಯಿಂದ ಬಂದದ್ದು. ಬ್ರಿಟನ್ನಿನ ಪ್ರೋಗ್ರಾಮರ್ ಜಾನ್ ಗ್ರಹಾಂ-ಕಮಿಂಗ್ 2014ರಲ್ಲಿ ಇಂಥವನ್ನೆಲ್ಲ ಒಂದೆಡೆ ಸೇರಿಸಲು ಶುರು ಮಾಡಿದರು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಗ್ರೂಪ್ಸ್.ಸಿ ಅನ್ನುವ ಫೈಲಂತೂ ನನಗೆ ನೆಂಟರ ಮುಖದಷ್ಟು ಪರಿಚಯ. ಯಾವ ಬಳಕೆದಾರ ಯಾವ ಗುಂಪಿಗೆ ಸೇರಿದವನು ಅನ್ನುವ ಲೆಕ್ಕ ಇಡುವ, ತನ್ನ ಪಾಡಿಗೆ ತಾನಿರುವ ಕೋಡ್ ಅದು. ಯಾವ ಕೀಲಿ ಒತ್ತಿದರೂ ಹ್ಯಾಕರ್‌ನಂತೆ ಕೋಡ್ ಬರುವ 'ಹ್ಯಾಕರ್ ಟೈಪರ್' ಅನ್ನುವ ಆಟದಲ್ಲಿ ಅದನ್ನೇ ತುಂಬಿದ್ದಾರೆ. 'ಸ್ಟ್ರಕ್ಟ್ ಗ್ರೂಪ್ ಇನ್ಫೋ' ಅಂತ ಶುರುವಾದರೆ ಅದೇ ಅಂತ ತಿಳಿಯಿರಿ.

ಹಾಗಂತ ನಟರನ್ನು ದೂರಬೇಡಿ. ಎಷ್ಟೋ ಚಿತ್ರೀಕರಣಗಳಲ್ಲಿ ಪರದೆಯ ಚಿತ್ರವನ್ನು ಮೊದಲೇ ತಯಾರು ಮಾಡಿಟ್ಟಿರುತ್ತಾರೆ. ನಟಿ ಯಾವ ಕೀಲಿ ಒತ್ತಿದರೂ ಸರಿಯಾದ ಅಕ್ಷರವೇ ಬರುವಂತೆ ಕಟ್ಟಿರುತ್ತಾರೆ. ಡೈಲಾಗ್, ಬೆಳಕು, ಕ್ಯಾಮೆರಾ ಎಲ್ಲದರ ನಡುವೆ ಸ್ಪೆಲ್ಲಿಂಗ್ ಚಿಂತೆ ಬೇಡ ಅಂತ. ಆ ಪರದೆ ತಯಾರು ಮಾಡುವ ಕಲಾವಿದರ ಮೇಲೆ ಎಲ್ಲ ನಿಂತಿದೆ. 2010ರ 'ಟ್ರಾನ್: ಲೆಗಸಿ'ಯಲ್ಲಿ ಅವರು ಎಷ್ಟು ಕಷ್ಟಪಟ್ಟಿದ್ದಾರೆ ನೋಡಿ. ಇಪ್ಪತ್ತು ವರ್ಷ ಮುಚ್ಚಿದ್ದ ಕೋಣೆಯಲ್ಲಿ ಮಗ ಅಪ್ಪನ ಕಂಪ್ಯೂಟರ್ ಮುಂದೆ ಕೂತು 'ಹೂ ಆಮ್ ಐ' ಅಂತ ಕಮಾಂಡ್ ಕೊಡುತ್ತಾನೆ. 'ನಾನು ಯಾರು?' ಅಂತ ಅರ್ಥ. ಯಂತ್ರ ಅಪ್ಪನ ಹೆಸರು ಹೇಳುತ್ತದೆ: ಫ್ಲಿನ್. ಕೇಳಿದ್ದಕ್ಕೆ ಸರಿಯಾದ ಉತ್ತರ, ಜೊತೆಗೆ ಕಥೆಯ ಹೃದಯವೂ ಅಲ್ಲೇ ಇದೆ. ಮುಂದಿನ ಸಾಲಿನಲ್ಲಿ ಒಂದು ಎಡವಟ್ಟಾಗಿದೆ. ಸಿಸ್ಟಂ ಯಾವುದು ಅಂತ ಕೇಳಿದಾಗ 'ಸನ್4ಎಂ' ಅಂತಲೂ 'ಐ386' ಅಂತಲೂ ಒಟ್ಟಿಗೆ ಬರುತ್ತದೆ. ಮೊದಲನೆಯದು ಸನ್ ಕಂಪನಿಯ ಸ್ಪಾರ್ಕ್ ಚಿಪ್ ಇರುವ ಯಂತ್ರ, ಎರಡನೆಯದು ಇಂಟೆಲ್. ಒಂದೇ ಯಂತ್ರ ಎರಡೂ ಆಗಿರೋಕೆ ಸಾಧ್ಯ ಇಲ್ಲ. ಆದರೂ ಆ ದೃಶ್ಯ ನನಗೆ ತುಂಬ ಪ್ರಿಯ.

ಇಷ್ಟಕ್ಕೂ ಸಿನಿಮಾದವರು ಲಿನಕ್ಸ್ ಯಾಕೆ ಆರಿಸಿಕೊಳ್ಳುತ್ತಾರೆ? ಕಂಪನಿಯೊಂದರ ತಂತ್ರಾಂಶ ಪರದೆಯಲ್ಲಿ ಎದ್ದು ಕಾಣುವುದಾದರೆ ಅಮೆರಿಕದ ನಿರ್ಮಾಪಕರು ಸಾಮಾನ್ಯವಾಗಿ ಒಪ್ಪಿಗೆ ಪಡೆಯುತ್ತಾರೆ. ತಮ್ಮ ಸಿಸ್ಟಂ ಹ್ಯಾಕ್ ಆಗುವುದನ್ನು ತೋರಿಸಲು ಯಾವ ಕಂಪನಿ ಖುಷಿಯಿಂದ ಒಪ್ಪುತ್ತದೆ ಹೇಳಿ. ಲಿನಕ್ಸ್ ಕರ್ನಲ್‌ನ ಲೈಸೆನ್ಸ್ ಆದ ಜಿಪಿಎಲ್‌ನಲ್ಲಿ, ಪ್ರೋಗ್ರಾಂ ಓಡಿಸುವುದಕ್ಕೆ ಯಾವ ನಿರ್ಬಂಧವೂ ಇಲ್ಲ ಅಂತ ನೇರವಾಗಿ ಬರೆದಿದೆ. ಹೆಸರು, ಲೋಗೋಗಳ ಹಕ್ಕು ಬೇರೆ ವಿಷಯ. ಅದಕ್ಕೇ ಎಷ್ಟೋ ಕಡೆ ನಿಜವಾದ ಡೆಸ್ಕ್‌ಟಾಪ್ ಇರುತ್ತದೆ, ಲೋಗೋ ಇರುವ ಜಾಗ ಮಾತ್ರ ಖಾಲಿ.

ಕನ್ನಡ ಸಿನಿಮಾಗಳಲ್ಲಿ ಲಿನಕ್ಸ್ ಕಾಣಲ್ಲ ಅಂತ ಒಬ್ಬ ಹುಡುಗ ಬೇಜಾರು ಮಾಡಿಕೊಂಡಿದ್ದ. ನಾಯಕಿಯ ಕೈಯಲ್ಲಿರುವ ಫೋನ್ ನೋಡು ಅಂದೆ. ಆಂಡ್ರಾಯ್ಡ್ ಫೋನ್ ಯಾವುದೇ ಇರಲಿ, ಅದರ ಬುಡದಲ್ಲಿ ಇರುವುದು ಲಿನಕ್ಸ್ ಕರ್ನಲ್.

ತರಬೇತಿಯ ಕೊನೆಯ ದಿನ ನಾನು ಹಾಕುವುದು 2014ರ ಸಾಕ್ಷ್ಯಚಿತ್ರ 'ಸಿಟಿಜನ್‌ಫೋರ್'. ಲಾರಾ ಪೊಯಿಟ್ರಾಸ್ ಮಾಡಿದ್ದು. ಎಡ್ವರ್ಡ್ ಸ್ನೋಡೆನ್ 2013ರ ಜೂನ್‌ನಲ್ಲಿ ಹಾಂಗ್‌ಕಾಂಗಿನ ಹೋಟೆಲ್ ಕೋಣೆಯಲ್ಲಿ ಕೂತು ಅಮೆರಿಕದ ಗೂಢಚರ್ಯೆಯ ದಾಖಲೆಗಳನ್ನು ಪತ್ರಕರ್ತರಿಗೆ ವಿವರಿಸುತ್ತಾರೆ. ಇಲ್ಲಿ ಕಟ್ಟಿದ ಪರದೆ ಇಲ್ಲ, ಮೊದಲೇ ತಯಾರಿಸಿಟ್ಟ ಅಕ್ಷರವಿಲ್ಲ. ಒಂದು ತಪ್ಪು ಹೆಜ್ಜೆ ಇಟ್ಟರೆ ಜೈಲು. ಅವರು ನಂಬಿದ್ದು ಟೇಲ್ಸ್ ಅನ್ನುವ ಸಿಸ್ಟಂ. ಡೆಬಿಯನ್ ಅನ್ನುವ ಲಿನಕ್ಸ್ ಮೇಲೆ ಕಟ್ಟಿದ್ದು, ಯುಎಸ್‌ಬಿ ಕಡ್ಡಿಯಿಂದಲೇ ಚಾಲೂ ಆಗುತ್ತದೆ, ಇಂಟರ್‌ನೆಟ್ಟಿಗೆ ಬಳಸುವವರ ಗುರುತು ಮರೆಮಾಚುವ ಟಾರ್ ಜಾಲದ ಮೂಲಕವೇ ಹೋಗುತ್ತದೆ, ಆಫ್ ಮಾಡಿದ ಮೇಲೆ ಆ ಕಂಪ್ಯೂಟರಿನಲ್ಲಿ ಗುರುತು ಉಳಿಸದಂತೆ ಮಾಡಿದ್ದು.

ಈ ಚಿತ್ರದಲ್ಲಿ ನಾನು ನಿಲ್ಲಿಸುವುದು ಕೊನೆಯಲ್ಲಿ, ಹೆಸರುಗಳು ಮೇಲೇರುವಾಗ. ಹುಡುಗರು ಅಷ್ಟು ಹೊತ್ತಿಗೆ ಬ್ಯಾಗ್ ಎತ್ತಿಕೊಂಡಿರುತ್ತಾರೆ. 'ಒಂದ್ನಿಮಿಷ ಕೂತ್ಕೊಳ್ಳಿ' ಅನ್ನುತ್ತೇನೆ. ನೆರವಾದವರ ಸಾಲಿನಲ್ಲಿ ತಂತ್ರಾಂಶಗಳ ಹೆಸರು ಬರುತ್ತದೆ: ಟಾರ್, ಟೇಲ್ಸ್, ಡೆಬಿಯನ್ ಗ್ನೂ/ಲಿನಕ್ಸ್, ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸುವ ಗ್ನೂ ಪ್ರೈವಸಿ ಗಾರ್ಡ್. ಕಳೆದ ಸಲ ಹಾಸನದಿಂದ ಬಂದಿದ್ದ ಒಬ್ಬಳು ಹುಡುಗಿ ಬ್ಯಾಗ್ ಕೆಳಗಿಟ್ಟು ಪರದೆ ಹತ್ತಿರ ಹೋದಳು. ಡೆಬಿಯನ್ ಹೆಸರಿನ ಮೇಲೆ ಬೆರಳಿಟ್ಟಳು.

'ಸರ್, ನಿನ್ನೆ ನಾನು ನಮ್ಮ ಸರ್ವರ್‌ಗೆ ಹಾಕಿದ್ದು ಇದೇ ಅಲ್ವಾ?'