ಥ್ರಾಂಬೋಸಿಸ್: ನಾಳದೊಳಗೆ ಕಟ್ಟುವ ಹೆಪ್ಪು

ವಿಜಯಪುರದ ನಮ್ಮ ಮನೆಯಲ್ಲಿ ಅಕ್ಕನ ಮಗನಿಗೆ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇದೆ. ಮೊಣಕಾಲು ಬಾತರೆ ಆಸ್ಪತ್ರೆಗೆ ಓಡಿ ಫ್ಯಾಕ್ಟರ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು ಹಾಕಿಸುತ್ತೇವೆ. ಸಿಸ್ಟರ್ ಪುಡಿಯ ಬಾಟಲಿಗೆ ನೀರು ಸೇರಿಸಿ, ನೊರೆ ಏಳದಂತೆ ಮೆಲ್ಲಗೆ ತಿರುಗಿಸಿ, ನಿಧಾನವಾಗಿ ನರಕ್ಕೆ ಕೊಡುತ್ತಾರೆ. ಒಂದು ಸಂಜೆ ಹಾಲಿಗೆ ಹೆಪ್ಪು ಹಾಕುತ್ತಿದ್ದ ನಮ್ಮವ್ವ ಕೇಳಿದಳು: “ರಕ್ತ ಹೆಪ್ಪಗಟ್ಟಲಿ ಅಂತ ಕೊಡ್ತಾರ, ಖರೆ. ಒಳಗಿಂದೂ ಗಟ್ಟಿ ಆದ್ರ ಹ್ಯಾಂಗ?”

ಅವ್ವ ಕೇಳಿದ್ದಕ್ಕೇ ಥ್ರಾಂಬೋಸಿಸ್ ಎನ್ನುತ್ತಾರೆ. ಗ್ರೀಕಿನಲ್ಲಿ ಥ್ರಾಂಬೋಸ್ ಎಂದರೆ ಗಡ್ಡೆ. ಹೆಪ್ಪುಗಟ್ಟಿದ ರಕ್ತಕ್ಕೂ ಒಡೆದ ಹಾಲಿಗೂ ಅದೇ ಮಾತು, ನಮ್ಮ ಹೆಪ್ಪಿನ ಹಾಗೆಯೇ. ಗಾಯದ ಮೇಲೆ ಕಟ್ಟುವ ಹೆಪ್ಪಿಗೆ ವೈದ್ಯರು ಈ ಪದ ಬಳಸುವುದಿಲ್ಲ. ಹರಿಯಬೇಕಾದ ರಕ್ತ ನಾಳದೊಳಗೇ ಗಟ್ಟಿಯಾಗಿ ದಾರಿ ಕಟ್ಟಿದರೆ ಅದು ಥ್ರಾಂಬೋಸಿಸ್.

ಹಿಮೋಫಿಲಿಯಾ ಎ ಇದ್ದವರಿಗೆ 8ನೇ ಫ್ಯಾಕ್ಟರ್ ಕೊರತೆ, ಬಿ ಇದ್ದವರಿಗೆ 9ನೆಯದು. ಕಡಿಮೆ ಇರುವ ಆ ಒಂದನ್ನೇ ತೂಕ ನೋಡಿ ತುಂಬಿದರೆ ಈ ಅಪಾಯ ತೀರಾ ಕಡಿಮೆ. ಹೆದರಿ ಫ್ಯಾಕ್ಟರ್ ಬಿಡುವುದೇ ದೊಡ್ಡ ಅಪಾಯ. ಕೀಲು ಹಾಳಾಗುತ್ತದೆ, ತಲೆಯೊಳಗೆ ರಕ್ತ ಸುರಿದರೆ ಜೀವಕ್ಕೇ ಸಂಚಕಾರ.

ಎಚ್ಚರ ಬೇಕಿರುವುದು ಪಿಸಿಸಿ (ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಕಾನ್ಸನ್‌ಟ್ರೇಟ್) ಎಂಬ ಹಲವು ಫ್ಯಾಕ್ಟರ್‌ಗಳ ಮಿಶ್ರಣದಲ್ಲಿ. ಅದರಲ್ಲಿ 2, 9, 10, ಹಲವು ಬಾಟಲಿಗಳಲ್ಲಿ 7ನೇ ಫ್ಯಾಕ್ಟರ್ ಕೂಡ ಇರುತ್ತವೆ. ಹಿಂದೆ ಹಿಮೋಫಿಲಿಯಾ ಬಿಗೆ ಇದನ್ನೇ ಕೊಡುತ್ತಿದ್ದರು. 9ನೆಯದು ಸುಮಾರು ಒಂದು ದಿನದೊಳಗೆ ಅರ್ಧಕ್ಕಿಳಿಯುತ್ತದೆ, 2ನೆಯದಕ್ಕೆ ಎರಡು ದಿನದ ಮೇಲೆ ಬೇಕು. ಹಾಗಾಗಿ ದಿನಾ ಕೊಟ್ಟರೆ 2ನೆಯದು ನಿನ್ನೆಯದರ ಮೇಲೆ ಇವತ್ತಿನದು ಕೂಡುತ್ತಾ ಹೋಗುತ್ತದೆ. ಕಾಲಿನ ನರದಲ್ಲಿ ಹೆಪ್ಪು, ಹೃದಯಾಘಾತ ಕಂಡುಬಂದ ಮೇಲೆ ಶುದ್ಧ 9ನೇ ಫ್ಯಾಕ್ಟರಿಗೆ ಮೊದಲ ಮಣೆ ಸಿಕ್ಕಿತು.

ಕೆಲವರ ದೇಹ ಫ್ಯಾಕ್ಟರನ್ನೇ ಎದುರಿಸಿ ಇನ್ಹಿಬಿಟರ್ ಎಂಬ ಪ್ರತಿಕಾಯ ಬೆಳೆಸುತ್ತದೆ. ಅವರಿಗೆ ಕೊಡುವ ಆಕ್ಟಿವೇಟೆಡ್ (ಮೊದಲೇ ಚುರುಕುಗೊಳಿಸಿದ) ಪಿಸಿಸಿ, 7ಎ ಎಂಬ ಚುರುಕಾದ 7ನೇ ಫ್ಯಾಕ್ಟರ್‌ಗಳಲ್ಲೂ ಈ ಅಪಾಯವಿದೆ. ಹಿಮೋಫಿಲಿಯಾ ಎ ಇದ್ದವರಲ್ಲಿ ರಕ್ತಸ್ರಾವ ತಡೆಯುವ ಎಮಿಸಿಜುಮಾಬ್ ಚುಚ್ಚುಮದ್ದು ಪಡೆಯುವವರಿಗೆ ಆಕ್ಟಿವೇಟೆಡ್ ಪಿಸಿಸಿಯನ್ನು ದಿನಕ್ಕೆ ಕಿಲೋಗೆ 100 ಯೂನಿಟ್ ಮೀರಿ, ಒಂದು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೊಟ್ಟಾಗ ಹೆಪ್ಪುಗಟ್ಟಿದ್ದು ಔಷಧದ ಪರೀಕ್ಷೆಯ ಹಂತದಲ್ಲೇ ಕಂಡಿತ್ತು. ವಯಸ್ಸಾದವರು, ಆಪರೇಷನ್ ಆಗಿ ಮಲಗಿದವರು, ಲಿವರ್ ಕೆಟ್ಟವರು ಇನ್ನೂ ಜಾಗ್ರತೆಯಿಂದಿರಬೇಕು.

ಒಂದೇ ಕಾಲು ಬಾತು ನೋಯುವುದು, ಎದೆನೋವು, ಏದುಸಿರು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಹಿಮೋಫಿಲಿಯಾದವರ ಕಾಲು ರಕ್ತಸ್ರಾವದಿಂದಲೂ ಬಾಯುತ್ತದೆ. ಯಾವುದೆಂದು ಮನೆಯಲ್ಲಿ ಗೊತ್ತಾಗುವುದಿಲ್ಲ, ಸ್ಕ್ಯಾನ್ ಬೇಕು. ಆಗ ಡಾಕ್ಟರ್ ಮೊದಲು ಕೇಳುವುದು ಯಾವ ಔಷಧ, ಎಷ್ಟು, ಯಾವಾಗ ಎಂದು. ಅಕ್ಕ ಈಗ ಪ್ರತಿ ಬಾಟಲಿಯ ಲೇಬಲ್ ಬಿಡಿಸಿ ಮಗನ ನೋಟ್‌ಬುಕ್ಕಿಗೆ ಅಂಟಿಸುತ್ತಾಳೆ, ಪಕ್ಕಕ್ಕೆ ತಾರೀಖು, ಹೊತ್ತು, ಯೂನಿಟ್ ಬರೆದು.