ಪದ ಪರಿಚಯ: ಪಿಎಂಎಲ್, ಅಂದರೆ ಅಲೆ ನುಂಗುವ ಅಂಚು

ಹುಬ್ಬಳ್ಳಿ ಸಿಬಿಟಿಯಲ್ಲಿ ಮಾಯವಾದ ಚಿಗರಿ ಬಸ್ಸು ಅದೇ ಗಳಿಗೆಗೆ ಧಾರವಾಡದ ಜುಬಿಲಿ ಸರ್ಕಲ್ಲಿನಿಂದ ಮತ್ತೆ ಬಂದರೆ ಹೇಗಿರುತ್ತದೆ? ಕೆ-ವೇವ್ ಅನ್ನೋ ತಂತ್ರಾಂಶದಲ್ಲಿ ನನಗೆ ಅಂಥದ್ದೇ ಕಂಡಿತ್ತು. ಬಲ ಅಂಚು ದಾಟಿದ ಅಲೆ ಎಡ ಅಂಚಿನಿಂದ ಒಳಗೆ ನುಗ್ಗಿತು. ಸುಮ್ನೆ ಜಾಗ ತಿನ್ನುತ್ತೆ ಅಂತ ಪಿಎಂಎಲ್ ಅನ್ನು ಆಫ್ ಮಾಡಿದ್ದವನು ನಾನೇ.

ಕೆ-ವೇವ್ ಅಂದರೆ ದೇಹದೊಳಗೆ ಅಲ್ಟ್ರಾಸೌಂಡ್ ಹೇಗೆ ಹರಡುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮುಕ್ತ ತಂತ್ರಾಂಶ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿದ್ದ ಬ್ರಾಡ್ಲಿ ಟ್ರೀಬಿ, ಬೆನ್ ಕಾಕ್ಸ್ 2010ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇದು ಪುಕ್ಕಟೆ, ಆದರೆ ಓಡಿಸಲು ಬೇಕಾದ ಮ್ಯಾಟ್‌ಲ್ಯಾಬ್ ಅನ್ನೋ ಇನ್ನೊಂದು ತಂತ್ರಾಂಶ ಪುಕ್ಕಟೆ ಅಲ್ಲ. ಈಗ ಪೈಥಾನ್ ಆವೃತ್ತಿಯೂ ಇದೆ, ಬದುಕಿದೆವು.

ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಇಲ್ಲಿ ದೇಹದ ತುಂಡಿಗೆ ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯಲ್ಲೂ ಅಲೆಯ ಲೆಕ್ಕ ಹಾಕುತ್ತಾರೆ. ಒಂದು ಅಲೆಯುದ್ದಕ್ಕೆ ಕನಿಷ್ಠ 2 ಚುಕ್ಕಿ ಬೇಕು. ಮೆತ್ತನೆಯ ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 3.5 ಮೆಗಾಹರ್ಟ್ಸ್ ಅಲೆಯ ಉದ್ದ 0.44 ಮಿಲಿಮೀಟರ್. ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತುಂಡಿಗೇ 9 ಕೋಟಿಗೂ ಜಾಸ್ತಿ ಚುಕ್ಕಿ! ಹಾಗಾಗಿ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಆ ಅಂಚು ದೇಹದಲ್ಲಿ ಇಲ್ಲ, ನಮ್ಮ ಲೆಕ್ಕದಲ್ಲಿ ಮಾತ್ರ ಇದೆ. ಕೆ-ವೇವ್ ಬಳಸುವ ಫೋರಿಯರ್ ಲೆಕ್ಕಕ್ಕೆ (ಯಾವ ಅಲೆಯನ್ನೂ ಮರುಕಳಿಸುವ ಸರಳ ಅಲೆಗಳ ಮೊತ್ತವಾಗಿ ನೋಡುವ ವಿಧಾನ) ಎಡ-ಬಲ ಅಂಚುಗಳು ಅಂಟಿಕೊಂಡಂತೆಯೇ ಕಾಣುತ್ತವೆ. ನನ್ನ ಬಸ್ಸು ವಾಪಸ್ ಬಂದಿದ್ದು ಅದಕ್ಕೇ.

ಉಣಕಲ್ ಕೆರೆಗೆ ಕಲ್ಲು ಎಸೆಯಿರಿ. ಅಲೆ ಕಲ್ಲಿನ ದಂಡೆಗೆ ಬಡಿದು ತಿರುಗಿ ಬರುತ್ತದೆ. ಜೊಂಡು ಬೆಳೆದ ಕೆರೆಯಲ್ಲಾದರೆ ಅಲೆ ಒಳಗೆ ಹೊಕ್ಕು ಅಲ್ಲೇ ಸೊರಗುತ್ತದೆ. ಪಿಎಂಎಲ್ ಅಂದರೆ ಅಂಚಿನುದ್ದಕ್ಕೂ ಬೆಳೆಸಿದ ಜೊಂಡು. ಪೂರ್ತಿ ಹೆಸರು ಪರ್ಫೆಕ್ಟ್ಲಿ ಮ್ಯಾಚ್ಡ್ ಲೇಯರ್. ಇಲ್ಲಿ 'ಮ್ಯಾಚ್ಡ್' ಅನ್ನೋದೇ ಜೀವಾಳ. ಜೊಂಡು ಒಮ್ಮೆಲೇ ದಟ್ಟವಾಗಿ ಶುರುವಾದರೆ ಅದೂ ಗೋಡೆಯೇ ಅಲ್ವಾ? ಅದಕ್ಕೇ ಈ ಪದರ ಒಳಗಿನ ಅಂಗಾಂಶಕ್ಕೆ ಪಕ್ಕಾ ಹೊಂದಿಕೊಂಡಿರುತ್ತದೆ. ಅಲೆ ಯಾವ ಕೋನದಲ್ಲಿ ಬಂದರೂ ಗಡಿ ಗೊತ್ತಾಗುವುದಿಲ್ಲ. ನುಂಗುವ ಶಕ್ತಿ ಹೊರಗೆ ಹೋದಂತೆ ನಿಧಾನಕ್ಕೆ ಏರುತ್ತದೆ. ಚುಕ್ಕಿ ಲೆಕ್ಕದಲ್ಲಿ ಒಂಚೂರು ಮರಳುತ್ತದೆ ಅನ್ನಿ, ಅದು ನಗಣ್ಯ. 1994ರಲ್ಲಿ ಫ್ರಾನ್ಸಿನ ಬೆರಂಜೆ ಈ ಉಪಾಯ ಹುಡುಕಿದ್ದು ವಿದ್ಯುತ್ಕಾಂತೀಯ ಅಲೆಗಳಿಗಾಗಿ, ಶಬ್ದದವರು ಆಮೇಲೆ ತಂದುಕೊಂಡರು.

ಎಲುಬಿನಿಂದ ಬರುವ ನಿಜವಾದ ಪ್ರತಿಧ್ವನಿಯನ್ನು ಇದು ಮುಟ್ಟುವುದಿಲ್ಲ, ಅಂಚಿನಲ್ಲಿ ಮಾತ್ರ ಕೂತಿರುತ್ತದೆ.

ಒಂದು ಎಚ್ಚರಿಕೆ. ಎರಡು ಆಯಾಮದ ಲೆಕ್ಕದಲ್ಲಿ ಕೆ-ವೇವ್ ತಾನಾಗಿಯೇ ಪ್ರತಿ ಬದಿಗೆ 20 ಚುಕ್ಕಿ ಪಿಎಂಎಲ್ ಇಡುತ್ತದೆ, ಅದೂ ನಿಮ್ಮ ಜಾಗದ ಒಳಗೇ. ಉದ್ದಕ್ಕೆ 128 ಚುಕ್ಕಿ ಇಟ್ಟಿದ್ದರೆ ಉಳಿಯೋದು 88. ಹತ್ತನೇ ಚುಕ್ಕಿಯಲ್ಲಿ ಸೆನ್ಸರ್ ಇಟ್ಟರೆ ಜೊಂಡಿನೊಳಗೆ ಕಿವಿ ಇಟ್ಟ ಹಾಗೆ. 'ಪಿಎಂಎಲ್ ಇನ್‌ಸೈಡ್' ಅನ್ನುವ ಸೆಟ್ಟಿಂಗಿಗೆ 'ಫಾಲ್ಸ್' ಅಂತ ಕೊಟ್ಟರೆ 128 ಪೂರ್ತಿ ನಿಮಗೇ ಸಿಗುತ್ತದೆ. ಲೆಕ್ಕ ಮಾತ್ರ 168ಕ್ಕೆ ಏರುತ್ತದೆ, ಲ್ಯಾಪ್‌ಟಾಪಿನ ಫ್ಯಾನು ಸ್ವಲ್ಪ ಜಾಸ್ತಿ ಒದರುತ್ತದೆ.